ಹಾಜಿರಾಬಿಯ ಮೂಗು, ಚಕ್ಕಾದ ಅರಿವೆ

ತಿಕೋಟಾದಲ್ಲಿ ಹಾಜಿರಾಬಿಯ ಮೂಗಿಗೆ ಇದ್ದ ಹೆಸರು ಆಕೆಯ ಗಂಡ ಮಶಾಕಸಾಬನಿಗೂ ಇರಲಿಲ್ಲ, ಅವನು ಹೆಂಡತಿಗಿಂತ ಹೆಚ್ಚು ಮುದ್ದು ಮಾಡುತ್ತಿದ್ದ ಎಮ್ಮೆಗಳಿಗೂ ಇರಲಿಲ್ಲ. ಎಮ್ಮೆ ಹಿಂದಿನ ದಿನ ಉಳ್ಳಾಗಡ್ಡಿ ತಪ್ಪಲಿಗೆ ಬಾಯಿ ಹಾಕಿದ್ದರೆ, ಹಾಲಿನ ಬಕೀಟು ಹೊಸ್ತಿಲು ದಾಟುವ ಮೊದಲೇ ಆಕೆ ಹೇಳಿಬಿಡುತ್ತಿದ್ದಳು. ಓಣಿಯಲ್ಲಿ ಯಾರ ಮನೆಯ ಬೇಳೆ ತಳ ಹಿಡಿಯಿತು, ಯಾರ ಗಂಡ ಕದ್ದು ಬೀಡಿ ಸೇದಿ ಬಂದ, ಎಲ್ಲವೂ ಆಕೆಗೆ ಕೂತಲ್ಲೇ ಗೊತ್ತು. "ಈಕಿ ಮೂಗಿಗೆ ಹೆದರಿ ನಾ ಬೀಡಿ ಬಿಟ್ಟು ತಪಕೀರ ಹಿಡದೇನಿ ನೋಡ್ರಿ," ಎಂದು ಮಶಾಕಸಾಬ ಒಂದು ಚಿಟಿಕೆ ನಶ್ಯವನ್ನು ಮೂಗಿಗೆ ಏರಿಸುತ್ತ ಬಂದವರಿಗೆಲ್ಲ ಹೇಳುತ್ತಿದ್ದ.

ಆದರೆ ಆ ಮೂಗು ಇದ್ದದ್ದು ಓಣಿಯ ಗುಟ್ಟು ಹಿಡಿಯುವುದಕ್ಕಲ್ಲ. ಆ ಮನೆಯ ಮಾನ ಅದರ ಮೇಲೆ ನಿಂತಿತ್ತು. ಎಪ್ಪತ್ತೆರಡರ ಬರ ಕಳೆದು, ಮತ್ತೆ ಮಳೆ ಬಿದ್ದು, ಕೊಟ್ಟಿಗೆ ತುಂಬಿದ ಮೇಲೆ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಶ್ರೀಖಂಡದ ಊಟವಾದರೂ ಚಕ್ಕಾ ಬರುತ್ತಿದ್ದುದು ಹಾಜಿರಾಬಿಯ ಮನೆಯಿಂದ. ಹೆಪ್ಪಾದ ಗಟ್ಟಿ ಮೊಸರನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ತೊಲೆಗೆ ತೂಗುಹಾಕಬೇಕು. ನೀರೆಲ್ಲ ಬಸಿದು ಹೋಗಿ, ಬೆಣ್ಣೆಯ ಹಾಗೆ ನುಣ್ಣಗೆ ಉಳಿಯುತ್ತದಲ್ಲ, ಅದು ಚಕ್ಕಾ. ಅದಕ್ಕೆ ಸಕ್ಕರೆ, ಏಲಕ್ಕಿ ಸೇರಿಸಿ ತಿಕ್ಕಿದರೆ ಶ್ರೀಖಂಡ. ಚಕ್ಕಾ ಚೆನ್ನಾಗಿದ್ದರೆ ಜನ ಎಮ್ಮೆಯನ್ನು ಹೊಗಳುತ್ತಾರೆ, ಹೆಪ್ಪು ಹಾಕಿದವಳ ಕೈಯನ್ನು ಹೊಗಳುತ್ತಾರೆ. ಎರಡೂ ಸುಳ್ಳು. ಎಮ್ಮೆ ಹೇಗಿದ್ದರೂ ಹಾಲು ಕೊಡುತ್ತದೆ, ಹೆಪ್ಪು ಯಾರು ಹಾಕಿದರೂ ಆಗುತ್ತದೆ. ಚಕ್ಕಾ ಕೆಡುವುದು ಅರಿವೆಯಲ್ಲಿ. ನಿನ್ನೆಯ ಮೊಸರಿನ ಒಂದು ಕಣ ನೂಲಿನ ಸಂದಿಯಲ್ಲಿ ಉಳಿದರೂ ಸಾಕು, ಅದು ಇವತ್ತಿನ ಇಡೀ ಗಂಟನ್ನು ಹುಳಿ ಹಿಡಿಸಿ ಹಾಳು ಮಾಡುತ್ತದೆ.

ಹಾಗಾಗಿ ಹಾಜಿರಾಬಿ ಅರಿವೆ ಒಗೆಯುವುದನ್ನು ನೋಡುವುದೇ ಒಂದು ಚಂದ. ಚಕ್ಕಾ ತೆಗೆದ ಕೂಡಲೇ ಅರಿವೆ ತಣ್ಣೀರಿಗೆ ಬೀಳಬೇಕು, ಬಿಸಿನೀರು ಹತ್ತಿರವೂ ಬರಬಾರದು. ಮೊದಲೇ ಬಿಸಿನೀರು ಸೋಕಿದರೆ ಹಾಲಿನ ಅಂಶ ನೂಲಿಗೆ ಅಂಟಿ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ತಣ್ಣೀರಿನಲ್ಲಿ ಹಿಂಡಿ, ತಿರುವಿ, ಗಂಟು ಬಿದ್ದ ಜಾಗದ ಮಡಿಕೆಗಳನ್ನು ಉಗುರಿನಿಂದ ಬಿಡಿಸಿ, ನೀರು ತಿಳಿಯಾಗುವ ತನಕ ಜಾಲಿಸಬೇಕು. ಅದಾದ ಮೇಲೆ ಸೋಡಾ ಹಾಕಿದ ನೀರಿನಲ್ಲಿ ಕೊತಕೊತ ಕುದಿಸಬೇಕು. ಮತ್ತೆ ಜಾಲಿಸಿ ಸುಡುಬಿಸಿಲಿಗೆ ಒಣಹಾಕಬೇಕು. ಸಾಬೂನು ಇಲ್ಲ, ಅಂಟವಾಳ ಇಲ್ಲ, ನೀಲಿಯಂತೂ ಇಲ್ಲವೇ ಇಲ್ಲ. ಕೊನೆಗೆ ಪರೀಕ್ಷೆ. ಒಣಗಿದ ಅರಿವೆ ಮೋಸಗಾರ, ತನ್ನ ನಾತವನ್ನು ಒಳಗೇ ಮುಚ್ಚಿಟ್ಟುಕೊಂಡಿರುತ್ತದೆ. ಅದಕ್ಕೆ ಹಾಜಿರಾಬಿ ಅರಿವೆಯನ್ನು ಬಾಯಿಯ ಹತ್ತಿರ ಹಿಡಿದು, "ಹಾ" ಎಂದು ಬಿಸಿಯುಸಿರು ಊದಿ, ಕಣ್ಣು ಮುಚ್ಚಿ ಮೂಸುತ್ತಿದ್ದಳು. ಯಾವ ವಾಸನೆಯೂ ಬರಬಾರದು. ಬಂತೋ, ಮತ್ತೆ ತಣ್ಣೀರಿಗೆ.

ಈ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹಿಂದಿನ ವರ್ಷ ಮಗ ಬಂದೇನವಾಜನಿಗೆ ವಿಜಾಪುರದ ಜೋರಾಪುರ ಪೇಟೆಯಿಂದ ಚಾಂದಬಿಯನ್ನು ತಂದುಕೊಂಡರು. ಹುಡುಗಿ ಚುರುಕು, ಬಾಯಿಯೂ ಚುರುಕು. ಅತ್ತೆಗೆ ಸಹಾಯ ಮಾಡುತ್ತೇನೆಂದು ಬಂದ ಹೊಸದರಲ್ಲಿ ಅರಿವೆಗಳನ್ನು ಕುದಿಯುವ ನೀರಿಗೇ ಹಾಕಿ ಹಪ್ಪಳದ ಹಾಗೆ ಬಿರುಸು ಮಾಡಿಟ್ಟಳು. ಇನ್ನೊಂದು ಸಲ ಗಮಗಮಿಸಲಿ ಎಂದು ತವರಿನಿಂದ ತಂದ ಮೈಸಾಬೂನು ಹಚ್ಚಿದಳು. ಆ ದಿನದ ಚಕ್ಕಾವನ್ನು ಮಶಾಕಸಾಬ ಒಂದು ಬೆರಳು ನೆಕ್ಕಿ, "ಯಪ್ಪಾ, ಜಳಕ ಮಾಡಿಧಂಗ ಆತಲ್ಲ ಬಾಯಿ," ಅಂದಿದ್ದ. ಎಲ್ಲರೂ ನಕ್ಕರು, ಚಾಂದಬಿಯೂ ನಕ್ಕಳು. ಆದರೆ ಹಟ ಬಿಡಲಿಲ್ಲ. ಪೇಟೆಯಿಂದ ತೆಳ್ಳನೆಯ ಮಲಮಲ್ ಬಟ್ಟೆ ತರಿಸಿ ತನ್ನವೇ ಅರಿವೆಗಳನ್ನು ಹರಿದುಕೊಂಡಳು. ಅತ್ತೆಯವು ಹಳೆಯ ಧೋತರದ ಕೆಂಪಂಚಿನ ಅರಿವೆ, ಸೊಸೆಯವು ಅಂಚಿಲ್ಲದ ಮಲಮಲ್. ಅವನ್ನು ಒಗೆದು ತಂದು ಅತ್ತೆಯ ಮೂಗಿನ ಮುಂದೆ ಹಿಡಿಯುವಳು. ಹಾಜಿರಾಬಿ ಊದಿ, ಮೂಸಿ, "ಇನ್ನೂ ಹುಳಿ ಐತಿ," ಎನ್ನುವಳು. ಹುಳಿ ಆಗ ನಿಜವಾಗಿಯೂ ಇರುತ್ತಿತ್ತು. ಆ ಮಾತಿನಲ್ಲಿ ಅತ್ತೆತನ ಇರಲಿಲ್ಲ.

ಹೀಗಿರುವಾಗ ಚಳಿಗಾಲದಲ್ಲಿ ಹಾಜಿರಾಬಿಗೆ ನೆಗಡಿ ಬಂತು. ಜ್ವರ ಬಂತು, ಕೆಮ್ಮು ಬಂತು, ಎಲ್ಲವೂ ಬಂದ ದಾರಿಯಲ್ಲಿ ಹೋದವು. ಹೋಗುವಾಗ ಮೂಗನ್ನೂ ಕರೆದುಕೊಂಡು ಹೋದವು.

ಅದು ಆಕೆಗೆ ಗೊತ್ತಾದದ್ದು ಒಂದು ಗುರುವಾರ ಸಂಜೆ. ಕೊಟ್ಟಿಗೆಯಿಂದ ಒಳಗೆ ಬಂದವಳೇ, "ದೀಪ ಹಚ್ಚೂ ಹೊತ್ತಾತು, ಇನ್ನೂ ಲೋಬಾನ ಹಾಕಿಲ್ಲೇನ ಬೇ?" ಎಂದು ಗದರಿದಳು. ಚಾಂದಬಿ ಆಕೆಯ ಬೆನ್ನ ಹಿಂದೆಯೇ ಲೋಬಾನದ ಹೊಗೆಯಾಡುವ ಕೆಂಡದ ಬಟ್ಟಲು ಹಿಡಿದು ನಿಂತಿದ್ದಳು. "ಕಡಿಮಿ ಹಾಕೀದಿ ಅಂದೆ," ಎಂದು ಹಾಜಿರಾಬಿ ಮಾತು ತಿರುಗಿಸಿ ಒಳಗೆ ಹೋದಳು. ಒಳಗೆ ಹೋಗಿ ಇಂಗಿನ ಡಬ್ಬಿ ತೆಗೆದು ಮೂಸಿದಳು. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಕೊನೆಗೆ ಗಂಡನ ತಪಕೀರದ ಡಬ್ಬಿಯನ್ನೇ ಮೂಗಿಗೆ ಹಿಡಿದಳು. ಸೀನು ಬಂತು, ವಾಸನೆ ಬರಲಿಲ್ಲ. ಬಿಸಿ ಅಜವಾನದ ಗಂಟು, ಶುಂಠಿಯ ಕಷಾಯ, ನೀಲಗಿರಿ ಎಣ್ಣೆಯ ಹಬೆ, ದರ್ಗಾದ ಊದಿನ ಹೊಗೆ ಎಲ್ಲ ಆದವು. ಮೂಗು ಮುಖದ ಮೇಲೆ ಅಲಂಕಾರಕ್ಕೆ ಮಾತ್ರ ಉಳಿಯಿತು.

ಆಕೆ ಯಾರಿಗೂ ಹೇಳಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಕಾಯುತ್ತ ಚಕ್ಕಾ ಮಾಡಿದಳು. ತಮಾಷೆ ನೋಡಿ, ಅರಿವೆಗೆ ಯಾವ ವಾಸನೆಯೂ ಇರಬಾರದು ಎಂಬುದೇ ಪರೀಕ್ಷೆ. ಈಗ ಯಾವುದಕ್ಕೂ ವಾಸನೆ ಇಲ್ಲ. ಒಗೆದ ಅರಿವೆಯೂ ಪಾಸು, ಒಗೆಯದ ಅರಿವೆಯೂ ಪಾಸು, ಬೇಕಾದರೆ ಕೊಟ್ಟಿಗೆಯ ಸೆಗಣಿ ಬುಟ್ಟಿಯೂ ಪಾಸು. ಹಾಜಿರಾಬಿಗೆ ಇದು ಅರ್ಥವಾಗದೆ ಇರಲಿಲ್ಲ. "ನಲವತ್ತು ವರ್ಷ ಒಗದ ಕೈ, ಮೂಗಿಲ್ಲದನೂ ಒಗದೀತು," ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಕಷ್ಟ ಬಂದದ್ದು ಚಾಂದಬಿ ತನ್ನ ಅರಿವೆ ಹಿಡಿದು ಬಂದಾಗ. "ಅಮ್ಮಾ, ಈ ಸಲ ನೋಡ್ರಿ," ಎಂದು ಹುಡುಗಿ ಮುಖ ಅರಳಿಸಿ ನಿಂತಳು. ಹಾಜಿರಾಬಿ ಊದಿದಳು, ಕಣ್ಣು ಮುಚ್ಚಿದಳು, ಮೂಸಿದಳು. ಏನೂ ಇಲ್ಲ. ಚಲೋ ಆಗಿದೆ ಅಂದು ಅದರಲ್ಲಿ ಚಕ್ಕಾ ಕಟ್ಟಿ, ಅದು ಕೆಟ್ಟರೆ? ಆಗ ಮೂಗಿನ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ. ಮೂಗು ಹೋಯಿತೆಂದರೆ ಅರಿವೆ ಹೋಯಿತು, ಅರಿವೆ ಹೋಯಿತೆಂದರೆ ಹಾಜಿರಾಬಿ ಯಾರು? ಮೂಲೆಯಲ್ಲಿ ಕೂತು ಅಕ್ಕಿ ಆರಿಸುವ ಒಬ್ಬ ಮುದುಕಿ. ಹೆದರಿಕೆ ಬಾಯಿಯಿಂದ ಮಾತು ಆಡಿಸಿತು. "ಇನ್ನೂ ಹುಳಿ ಐತಿ."

ಚಾಂದಬಿ ಅರಿವೆಯನ್ನು ತಾನೂ ಒಮ್ಮೆ ಮೂಸಿ ನೋಡಿದಳು. ಅತ್ತೆಯ ಮುಖ ನೋಡಿದಳು. ಅರಿವೆ ಹೆಗಲಿಗೆ ಹಾಕಿಕೊಂಡು ಬಾವಿಯ ಕಡೆಗೆ ಹೋದಳು. ಆಮೇಲೆ ಮತ್ತೆ ತಂದಳು, ಮತ್ತೆ ಅದೇ ಉತ್ತರ. ಮತ್ತೂ ತಂದಳು. ಹುಡುಗಿಯ ಮುಖ ಅರಳುವುದು ನಿಂತಿತು. ಬಾಯಿಯ ಚುರುಕೂ ಕಡಿಮೆಯಾಯಿತು. ಹಾಜಿರಾಬಿಗೆ ಅದು ಕಾಣಿಸುತ್ತಿತ್ತು, ಕಂಡು ನೋಯುತ್ತಿತ್ತು, ಆದರೂ ನಾಲಿಗೆ ಹಳೆಯ ಹಾದಿ ಬಿಡಲಿಲ್ಲ.

ಬೇಸಿಗೆ ಹೊತ್ತಿಗೆ ಬಬಲೇಶ್ವರದ ರಾಚವ್ವ ಬಸ್ಸಿಳಿದು ಬಂದಳು. ಕುರಿ ಮಂದೆಯೂ ಹೊಲವೂ ಇದ್ದ ದೊಡ್ಡ ಮನೆತನದ ಯಜಮಾನಿ, ಹಾಜಿರಾಬಿಯ ಹಳೆಯ ಗೆಳತಿ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಮಜ್ಜಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ವಿಷಯ ತೆಗೆದಳು.

"ಮಮ್ಮಗಳದು ನಿಶ್ಚಯ ಹಾಜಿರಕ್ಕಾ. ಗಂಡಿನವರು ಕನಮಡಿಯವರು. ಗಡಿ ಮ್ಯಾಲಿನ ಮಂದಿ, ಶ್ರೀಖಂಡದಾಗ ಹುಟ್ಟಿ ಶ್ರೀಖಂಡದಾಗ ಬೆಳದವರು. ಹ್ವಾದ ಸಲ ಹೆಣ್ಣ ನೋಡಾಕ ಬಂದಾಗ ನಮ್ಮ ಹೋಳಿಗಿ ತಿಂದು ಮೂಗು ಮುರದಾರ. ಈ ಸಲ ಅವರ ಬಾಯಿ ಮುಚ್ಚಬೇಕು."

"ಮುಚ್ಚೂಣಂತ ಬಿಡು."

"ಹಂಗಲ್ಲ. ಬೀಗಿತ್ತಿ ಹೆಂಗ ಅಂತಿ? ತಾಟಿನಾಗ ಕೂದಲ ಹುಡುಕಾಕಿ. ನೀನ ಬರಬೇಕು, ನೀನ ಗಂಟ ಬಿಚ್ಚಬೇಕು, ನೀನ ರುಚಿ ನೋಡಿ 'ಹೂಂ' ಅನ್ನಬೇಕು. ಆಮ್ಯಾಲ ಸಕ್ಕರಿ."

ಅದು ಹಾಜಿರಾಬಿಯ ಹಳೆಯ ಪದ್ಧತಿ. ಚಕ್ಕಾವನ್ನು ಅರಿವೆಯ ಗಂಟಿನಲ್ಲೇ ಒಯ್ದು, ಉಣ್ಣುವವರ ಮನೆಯಲ್ಲೇ ಹೆಂಗಸರೆಲ್ಲರ ಎದುರಿಗೆ ಬಿಚ್ಚುತ್ತಿದ್ದಳು. ಅರಿವೆಯ ಬಿಳುಪೂ ಕಾಣಬೇಕು, ಚಕ್ಕಾದ ಬಿಳುಪೂ ಕಾಣಬೇಕು. ಒಂದೊಂದು ಗಂಟಿನಿಂದಲೂ ಒಂದು ಬೆರಳು ನೆಕ್ಕಿ ಆಕೆ 'ಹೂಂ' ಅಂದ ಮೇಲೆಯೇ ಸಕ್ಕರೆ ಬೀಳಬೇಕು. ಈಗ ಆಕೆಗೆ ನಾಲಿಗೆಯೂ ಅರ್ಧಕ್ಕರ್ಧ ಸತ್ತಿತ್ತು. ಸಿಹಿ, ಉಪ್ಪು ಗೊತ್ತಾಗುತ್ತಿತ್ತು, ಉಳಿದದ್ದು ಬರೀ ತಣ್ಣಗೆ, ಬೆಚ್ಚಗೆ. ಆದರೂ 'ಬರ್ತೇನಿ' ಅಂದುಬಿಟ್ಟಳು. ಇಲ್ಲ ಅನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು.

ನಿಶ್ಚಯದ ಹಿಂದಿನ ದಿನ ಬೆಳಿಗ್ಗೆ ಮೊಸರು ಕಲ್ಲಿನ ಹಾಗೆ ಹೆಪ್ಪಾಗಿತ್ತು. ಸಂಜೆ ಗಂಟು ಕಟ್ಟಬೇಕು. ಹಾಜಿರಾಬಿ ಎರಡೂ ಅರಿವೆಯ ಮಡಿಕೆಗಳನ್ನು ಮುಂದಿಟ್ಟುಕೊಂಡು ಅಂಗಳದಲ್ಲಿ ಕೂತಳು. ಒಂದು ತನ್ನ ಕೆಂಪಂಚಿನದು, ಪಾಸಾದದ್ದು. ಇನ್ನೊಂದು ಸೊಸೆಯ ಮಲಮಲ್, ನಪಾಸಾದದ್ದು. ಪಾಸು, ನಪಾಸು ಎರಡೂ ತಾನೇ ಹುಟ್ಟಿಸಿದ ಸುಳ್ಳು. ಗಂಡನನ್ನು ಕೇಳೋಣವೆಂದರೆ ಆ ಮೂಗಿನಲ್ಲಿ ತಪಕೀರದ ಹೊರತು ಬೇರೆ ಯಾವ ವಾಸನೆಗೂ ಜಾಗವಿಲ್ಲ. ಆದರೂ ಒಂದು ಅರಿವೆ ಹಿಡಿದು, "ಇದರ ನಾತ ನೋಡ್ರಿ," ಅಂದಳು.

ಮಶಾಕಸಾಬ ಭಕ್ತಿಯಿಂದ ಮೂಸಿ, "ಚಲೋ ತಪಕೀರ," ಅಂದು ಎಮ್ಮೆ ಹೊಡೆದುಕೊಂಡು ಹೋದ.

ಕೊನೆಗೆ ಆಕೆಗೆ ಒಂದು ಉಪಾಯ ಹೊಳೆಯಿತು. ಎರಡೂ ಬಗೆಯ ಅರಿವೆಗಳಿಗೆ ನೀರು ಚಿಮುಕಿಸಿ, ನೆಲದ ಮೇಲೆ ಚಾಪೆ ಹಾಸಿ, ಕೆಂಪಂಚಿನವನ್ನು ಈ ಕಡೆ, ಮಲಮಲ್ ಅರಿವೆಗಳನ್ನು ಆ ಕಡೆ ಹರವಿದಳು. ತಾನು ದೂರ ಸರಿದು ಬೇವಿನ ನೆರಳಿನಲ್ಲಿ ಕೂತಳು. ಕೊಟ್ಟಿಗೆ ಇದ್ದ ಮನೆಗೆ ನೊಣಗಳ ಬರವೇ? ನೊಣಕ್ಕೆ ಯಾರ ಮುಲಾಜೂ ಇಲ್ಲ, ಅತ್ತೆ ಸೊಸೆ ಎಂಬ ಭೇದವೂ ಇಲ್ಲ.

ಮೊದಲು ಒಂದು ನೊಣ ಬಂತು. ಮಲಮಲ್ ಮೇಲೆ ಕೂತು, ಕೈ ತಿಕ್ಕಿಕೊಂಡು, ಬೇಸರವಾದ ಹಾಗೆ ಎದ್ದು ಹೋಯಿತು. ಕೆಂಪಂಚಿನ ಮೇಲೆ ಕೂತಿತು. ಅಲ್ಲೇ ಉಳಿಯಿತು. ಇನ್ನೊಂದು ಬಂತು, ಮತ್ತೊಂದು ಬಂತು. ಸ್ವಲ್ಪ ಹೊತ್ತಿಗೆ ಹಾಜಿರಾಬಿಯ ಅರಿವೆಗಳ ಮೇಲೆ, ಅದೂ ಗಂಟು ಬೀಳುವ ನಡುಭಾಗದಲ್ಲಿ, ನೊಣಗಳ ಸಂತೆಯೇ ನೆರೆಯಿತು. ಸೊಸೆಯ ಅರಿವೆಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತ ಬಿದ್ದಿದ್ದವು, ಒಂದು ಇರುವೆಯೂ ಅತ್ತ ಸುಳಿದಿರಲಿಲ್ಲ.

ಹಾಜಿರಾಬಿ ಕೂತಲ್ಲಿಂದ ಏಳಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಎಷ್ಟು ದಿನದಿಂದ ಈ ಅರಿವೆಗಳಲ್ಲಿ ಚಕ್ಕಾ ಕಟ್ಟಿದ್ದಳು! ತಿಂದವರು ಹಳೆಯ ಹೆಸರಿನ ಮುಲಾಜಿಗೆ ಸುಮ್ಮನಿದ್ದರೇನೋ. ಸುಮ್ಮನಿರದ ಬೀಗಿತ್ತಿ ನಾಳೆ ಕಾದಿದ್ದಾಳೆ. ಒಂದು ದಾರಿ ಇತ್ತು, ಸುಲಭದ ದಾರಿ. ಸದ್ದಿಲ್ಲದೆ ಸೊಸೆಯ ಅರಿವೆಗಳಲ್ಲಿ ಗಂಟು ಕಟ್ಟಿಬಿಡುವುದು. ಕೇಳಿದರೆ 'ಬಿಸಿಲಿಗೆ ನಾತ ಹೋತು' ಅಂದರಾಯಿತು. ಆಕೆ ಎದ್ದು ಆ ಅರಿವೆಗಳನ್ನು ಎತ್ತಿಕೊಂಡದ್ದೂ ಹಾಗೆ ಮಾಡುವುದಕ್ಕೇ.

ಎತ್ತಿಕೊಂಡು ತಿರುಗಿದರೆ ಬಾಗಿಲಲ್ಲಿ ಚಾಂದಬಿ ನಿಂತಿದ್ದಳು.

"ಅವು ಹುಳಿ ಅದಾವ ಅಂದಿದ್ರೆಲ್ಲರಿ ಅಮ್ಮಾ," ಅಂದಳು.

ಹುಡುಗಿಯ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವಳ ಹಾಗೆ ಕೇಳಿದಳು. ಸೆರಗಿನ ತುದಿ ಹಿಡಿದಿದ್ದ ಆಕೆಯ ಕೈಗಳನ್ನು ಹಾಜಿರಾಬಿ ಆವತ್ತು ಸರಿಯಾಗಿ ನೋಡಿದಳು. ಸೋಡಾ ನೀರು ತಿಂದು ಬೆರಳ ಸಂದಿಗಳು ಬಿರಿದಿದ್ದವು. ಒಂದೆರಡು ಕಡೆ ರಕ್ತ ಒಣಗಿತ್ತು. ಸಿದ್ಧವಾಗಿದ್ದ ಸುಳ್ಳನ್ನು ಅಲ್ಲೇ ಬಿಟ್ಟಳು.

"ಹುಳಿ ಇಲ್ಲ ಬೇ," ಅಂದಳು ಹಾಜಿರಾಬಿ. "ಭಾಳ ದಿನದಿಂದ ಇದ್ದಿಲ್ಲ. ನನಗ ನಾತಾನ ಬರೂದಿಲ್ಲ. ನೆಗಡಿ ಆದಾಗಿಂದ ಮೂಗು ಸತ್ತೈತಿ. ಹೆದರಿ ಸುಳ್ಳ ಹೇಳೀನಿ."

ಚಾಂದಬಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಿಟ್ಟು ಬರುತ್ತದೆ, ಬರಲಿ, ಬೈಯಲಿ ಎಂದು ಹಾಜಿರಾಬಿ ಕಾದಳು. ಹುಡುಗಿ ಅಳತೊಡಗಿದಳು.

"ನಾ ನನ್ನ ಮೂಗ ಕೆಟ್ಟೈತಿ ಅಂತ ತಿಳಕೊಂಡಿದ್ನೆಲ್ಲರಿ! ನನಗ ನನ್ನ ಅರಿವಿ ಚಲೋ ಅನಸ್ತಿತ್ತು, ನಿಮ್ಮ ಅರಿವಿ ಹುಳಿ ನಾತ ಹೊಡೀತಿತ್ತು. ಅಮ್ಮಾರ ಮೂಗ ಎಂದೂ ತಪ್ಪಂಗಿಲ್ಲ, ನಂದ ಏನೋ ಆಗೇತಿ ಅಂತ ಸುಮ್ಮನಾದೆ. ಇವರಿಗೂ ಹೇಳಲಿಲ್ಲ. ದಿನಾ ರಾತ್ರಿ ಹೂವ ಮೂಸಿ ಮೂಸಿ ನೋಡತಿದ್ದೆ."

ಹಾಜಿರಾಬಿ ಈ ಪೆಟ್ಟಿಗೆ ತಯಾರಾಗಿರಲಿಲ್ಲ. ಹುಡುಗಿಯ ಕೈ ಬಿರಿದದ್ದು ಒಂದು ತೂಕವಾದರೆ ಇದು ಹತ್ತು ತೂಕ. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಮೂಗನ್ನು ತಾನೇ ಬಾಯಿ ಮುಚ್ಚಿಸಿ ಕೂರಿಸಿದ್ದಳು. ಆ ಮೂಗು ಹುಳಿ ಇದೆ ಎಂದು ಒಳಗೊಳಗೇ ಕೂಗುತ್ತಿತ್ತು, ಆದರೆ ಯಜಮಾನಿಯ ಮಾತಿಗೆ ಹೆದರಿ ತನ್ನನ್ನೇ ಸಂಶಯಪಡುತ್ತಿತ್ತು. ಆಕೆ ಸೊಸೆಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಒಳಗಿನಿಂದ ಬೆಣ್ಣೆ ತಂದು ಬಿರುಕುಗಳಿಗೆ ತಾನೇ ಸವರಿದಳು. "ತಪ್ಪಾತು ಬೇ," ಅಂದಳು. ಆ ಮಾತನ್ನು ಆಕೆ ಜೀವನದಲ್ಲಿ ಎಮ್ಮೆಗಳಿಗೆ ಹೇಳಿದ್ದುಂಟು, ಮನುಷ್ಯರಿಗೆ ಹೇಳಿದ್ದು ಕಡಿಮೆ.

ಚಾಂದಬಿ ಮೂಗು ಒರೆಸಿಕೊಂಡಳು. ಅತ್ತು ಮುಗಿದ ಮೇಲೆ ಆಕೆಗೆ ಹಳೆಯ ಚುರುಕು ಮರಳಿ ಬಂತು. "ಈಗ ನಾಳಿಗೆ ಏನ ಮಾಡೂದ್ರಿ? ನನ್ನವು ಮೂರ ಅರಿವಿ ಅದಾವ. ಸಾಲೂದಿಲ್ಲ."

"ನನ್ನವು ಮತ್ತ ಒಗಿಯೂಣು. ನಾ ಒಗೀತೇನಿ, ನೀ ಮೂಸು."

ಆ ಮಧ್ಯಾಹ್ನ ಬಾವಿಯ ಹತ್ತಿರ ನಡೆದದ್ದನ್ನು ಮಶಾಕಸಾಬ ಕೊಟ್ಟಿಗೆಯ ಮರೆಯಿಂದ ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಹಾಜಿರಾಬಿ ತಣ್ಣೀರಿನಲ್ಲಿ ಅರಿವೆ ಜಾಲಿಸುತ್ತಾಳೆ, ಉಗುರಿನಿಂದ ಮಡಿಕೆ ಬಿಡಿಸುತ್ತಾಳೆ, ಕುದಿಸುತ್ತಾಳೆ, ಹಿಂಡಿ ಸೊಸೆಯ ಮುಂದೆ ಹಿಡಿಯುತ್ತಾಳೆ. ಸೊಸೆ ಕಲ್ಲಿನ ಮೇಲೆ ಕೂತು ಊದಿ, ಕಣ್ಣು ಮುಚ್ಚಿ ಮೂಸಿ, "ನಡಬರಕ ಇನ್ನೂ ಐತ್ರಿ," ಅನ್ನುತ್ತಾಳೆ. ಹಾಜಿರಾಬಿ ಮರುಮಾತಾಡದೆ ಮತ್ತೆ ತಣ್ಣೀರಿಗೆ ಹಾಕುತ್ತಾಳೆ. ಮೊದಮೊದಲು ಚಾಂದಬಿಗೆ ಸಂಕೋಚ. "ಇರಲಿ ಬಿಡ್ರಿ, ಭಾಳ ಏನಿಲ್ಲ," ಅಂದಳು. ಹಾಜಿರಾಬಿ ಗದರಿದಳು. "ಐತಿ ಅಂದ್ರ ಐತಿ ಅನ್ನು. ಬೀಗಿತ್ತಿ ಭಾಳ ಏನಿಲ್ಲ ಅಂತಾಳೇನು?" ಆಮೇಲೆ ಹುಡುಗಿ ಕರುಣೆ ತೋರಿಸಲಿಲ್ಲ. ಒಂದು ಅರಿವೆಯನ್ನಂತೂ ಇಷ್ಟು ಸಲ ತಿರುಗಿ ಕಳಿಸಿದಳೆಂದರೆ ಹಾಜಿರಾಬಿ ಸೊಂಟ ಹಿಡಿದುಕೊಂಡು, "ನಿಮ್ಮವ್ವ ನಿನ್ನ ಹಡಿಯೂ ಮುಂದ ಪೊಲೀಸನ್ನ ನೆನಸಿದ್ಲೇನ ಬೇ," ಎಂದಳು. ಇಬ್ಬರೂ ಬಾವಿಯ ಕಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ತಿಂಗಳಾಗಿತ್ತೋ ಹೀಗೆ ನಕ್ಕು.

ಕೊನೆಗೆ ಒಂದು ಅರಿವೆ ಕಡಿಮೆ ಬಿತ್ತು. ಚಾಂದಬಿ ಮನೆಯ ಮೊಸರು ಸೋಸಲು ಇಟ್ಟಿದ್ದ ಇನ್ನೊಂದು ಮಲಮಲ್ ತುಂಡನ್ನು ತಂದು, ತಾನೇ ಒಗೆದು, ಉಳಿದವುಗಳ ಜೊತೆ ಬಿಸಿಲಿಗೆ ಹಾಕಿದಳು. ಸಂಜೆ ಅತ್ತೆ ಸೊಸೆ ಸೇರಿ ಗಂಟು ಕಟ್ಟಿ ತೊಲೆಗೆ ತೂಗುಹಾಕಿದರು.

"ಒಂದ ಮಾತು," ಅಂದಳು ಹಾಜಿರಾಬಿ. "ಮೂಗಿನ ಸುದ್ದಿ ಹೊರಗ ಹ್ವಾಗೂದ ಬ್ಯಾಡ. ನಾಳೆ ಬಬಲೇಶ್ವರದಾಗ ನೀ ನನ್ನ ಹಿಂದ ನಿಂದ್ರು. ನಾ ನೆಕ್ಕುವಾಗ ನೀನೂ ಒಂದ ಬೆರಳು ನೆಕ್ಕು. ಚಲೋ ಇದ್ರ ನನ್ನ ಬೆನ್ನ ಮುಟ್ಟು, ನಾ 'ಹೂಂ' ಅಂತೇನಿ."

"ಕೆಟ್ಟಿದ್ರರಿ?"

"ಕೆಟ್ಟಿದ್ರ ಚಿವುಟು."

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಗಂಟುಗಳನ್ನು ಬುಟ್ಟಿಯಲ್ಲಿ ಅದುಮಿ ಇಡುವ ಹಾಗಿಲ್ಲ, ತೂಗುತ್ತಲೇ ಇರಬೇಕು. ಬಂದೇನವಾಜ ಅವನ್ನು ಬಸ್ಸಿನ ಮೇಲಿನ ಕಂಬಿಗೆ ಸಾಲಾಗಿ ಕಟ್ಟಿಕೊಟ್ಟು ಇಳಿದ. ವಿಜಾಪುರ ಮುಟ್ಟುವ ಹೊತ್ತಿಗೆ, ಕೆಳಗೆ ಕೂತು ನಿದ್ದೆ ಹೋಗಿದ್ದ ಹೊನವಾಡದ ಒಬ್ಬ ಹಿರಿಯರ ರುಮಾಲು ಅರ್ಧ ತೊಯ್ದಿತ್ತು. ಅವರು ಎಚ್ಚರಾಗಿ ಮೇಲೆ ನೋಡಿ, ಬೆರಳಿನಿಂದ ಒರೆಸಿ ನೆಕ್ಕಿ, "ಯಾರ ಮನಿದು?" ಎಂದರು. ಹಾಜಿರಾಬಿಯ ಹೆಸರು ಹೇಳಿದ ಮೇಲೆ, "ಹಂಗಾದ್ರ ತೊಯ್ಯಲಿ ಬಿಡ್ರಿ," ಎಂದು ಮತ್ತೆ ಕಣ್ಣು ಮುಚ್ಚಿದರು. ಕೇಳಿ ಹಾಜಿರಾಬಿಗೆ ಸುಖವೂ ಆಯಿತು, ಹೆದರಿಕೆಯೂ ಆಯಿತು. ವಿಜಾಪುರದ ಸ್ಟ್ಯಾಂಡಿನಲ್ಲಿ ಗಂಟು ಬಿಚ್ಚಿ, ಬಬಲೇಶ್ವರದ ಬಸ್ಸಿಗೆ ಕಟ್ಟಿ, ಬಿಸಿಲೇರುವ ಮೊದಲು ರಾಚವ್ವನ ಮನೆ ಮುಟ್ಟಿದರು.

ಪಡಸಾಲೆಯ ತುಂಬ ಹೆಂಗಸರು. ಕನಮಡಿಯ ಬೀಗಿತ್ತಿ ಹುಲಿಗೆವ್ವ ನಟ್ಟನಡುವೆ ಮಂಚದ ಮೇಲೆ ಕೂತಿದ್ದಳು. ರಾಚವ್ವ ದೊಡ್ಡ ಹಿತ್ತಾಳೆ ಪರಾತ ತಂದಿಟ್ಟಳು. ಒಂದೊಂದು ಗಂಟಿಗೂ ಒಂದೊಂದು ತಾಟು ಸಾಲಾಗಿ ಹೊಂದಿಸಿದಳು. ಹಾಜಿರಾಬಿ ಕೂತು ಗಂಟುಗಳನ್ನು ಬಿಚ್ಚುತ್ತ ಹೋದಳು. ಚಕ್ಕಾ ಬೆಳ್ಳಗೆ, ಅರಿವೆಯ ನೇಯ್ಗೆಯ ಗುರುತು ಮೈಮೇಲೆ ಹೊತ್ತು, ಒಂದೊಂದಾಗಿ ತಾಟಿಗಿಳಿಯಿತು. ಹೆಂಗಸರು 'ಆಹಾ' ಅಂದರು. ಹುಲಿಗೆವ್ವ ಮಂಚದಿಂದಲೇ ಬಗ್ಗಿ ತಾಟುಗಳಲ್ಲಿ ಕೂದಲು ಹುಡುಕಿದಳು.

ಹಾಜಿರಾಬಿ ಮೊದಲ ತಾಟಿನಿಂದ ಬೆರಳು ನೆಕ್ಕಿದಳು. ತಣ್ಣಗೆ, ನುಣ್ಣಗೆ. ಅಷ್ಟೇ. ಹಿಂದಿನಿಂದ ಚಾಂದಬಿಯ ಕೈ ಬೆನ್ನು ಮುಟ್ಟಿತು. ಎಲ್ಲರೂ ಆಕೆಯ ಮುಖವನ್ನೇ ನೋಡುತ್ತಿದ್ದರು. 'ಹೂಂ' ಅಂದುಬಿಟ್ಟರೆ ಮುಗಿಯಿತು. ನಾಳೆಯೂ ಹೀಗೇ, ನಾಡಿದ್ದೂ ಹೀಗೇ; ಸಾಯುವ ತನಕ ಹುಡುಗಿ ಬೆನ್ನ ಹಿಂದೆ ನಿಂತಿರುತ್ತಾಳೆ, ಹೆಸರು ಮಾತ್ರ ಹಾಜಿರಾಬಿಯದು. ಬೆನ್ನ ಮೇಲಿನ ಆ ಕೈ ಬೆಣ್ಣೆ ಸವರಿದ ಮೇಲೂ ಒರಟಾಗಿತ್ತು, ಸೀರೆಯ ನೂಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಹಾಜಿರಾಬಿಗೆ ತಡೆಯಲಾಗಲಿಲ್ಲ.

"ರಾಚವ್ವಾ, ನನ್ನ ಕೇಳಬ್ಯಾಡ," ಅಂದಳು. "ನನ್ನ ಮೂಗೂ ಹೋಗೇತಿ, ರುಚಿನೂ ಹೋಗೇತಿ. ಈ ಅರಿವಿ ಪಾಸ ಮಾಡಿದಾಕಿ ನಮ್ಮ ಚಾಂದಬಿ. ಇನ್ನ ಮ್ಯಾಲ 'ಹೂಂ' ಅನ್ನಾಕಿನೂ ಆಕಿನ."

ರಾಚವ್ವನ ಮುಖ ಬಿಳಿಚಿತು. ಇಂಥ ಹೊತ್ತಿನಲ್ಲಿ, ಬೀಗಿತ್ತಿಯ ಎದುರಿಗೆ ಹೇಳುವ ಮಾತೇ ಇದು! "ಅತ್ತಿಗೊಂದ ಕಾಲ ಸೊಸಿಗೊಂದ ಕಾಲ," ಎಂದು ಯಾರೋ ಮೂಲೆಯಿಂದ ಅಂದರು. ಹುಲಿಗೆವ್ವ ಮಂಚದಿಂದ ಕೆಳಗಿಳಿದು ಕೂತು, "ಬಾರ ಯವ್ವಾ, ನೋಡು ಮತ್ತ," ಅಂದಳು. ದನಿಯಲ್ಲಿ ಪರೀಕ್ಷೆ ಇತ್ತು.

ಚಾಂದಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮೊದಲ ತಾಟಿಗೆ 'ಹೂಂ' ಅಂದಳು, ಚಕ್ಕಾ ಪರಾತಕ್ಕೆ ಬಿತ್ತು. ಎರಡನೆಯದಕ್ಕೆ ಅಂದಳು, ಅದೂ ಬಿತ್ತು. ಕೆಂಪಂಚಿನವೆಲ್ಲ ದಾಟಿದವು, ಮೂರು ಮಲಮಲ್‌ಗಳೂ ದಾಟಿದವು. ಕೊನೆಯ ತಾಟಿಗೆ ಬಂದಾಗ ಬೆರಳು ನೆಕ್ಕಿ ತಡೆದಳು. ಇನ್ನೊಮ್ಮೆ ನೆಕ್ಕಿದಳು. ಅದರ ಪಕ್ಕ ಬಿದ್ದಿದ್ದ ಅರಿವೆಯ ಕಡೆ ನೋಡಿದಳು. ಅಂಚಿಲ್ಲದ ಮಲಮಲ್.

"ಇದು ಬ್ಯಾಡ್ರಿ," ಅಂದಳು. "ಸಣ್ಣಗ ಹುಳಿ ಹಿಡದೈತಿ."

ರಾಚವ್ವ ಅವಸರದಿಂದ ಬೆರಳು ಹಾಕಿ ನೆಕ್ಕಿ, "ಏನೂ ಇಲ್ಲಲ್ಲ! ಚಲೋನ ಐತಿ," ಅಂದಳು. ಪಕ್ಕದವಳೂ ನೆಕ್ಕಿ ತಲೆಯಾಡಿಸಿದಳು. ಎಲ್ಲರೂ ಹಾಜಿರಾಬಿಯ ಕಡೆ ತಿರುಗಿದರು, ಹಳೆಯ ರೂಢಿ.

"ಐತ್ರಿ," ಅಂದಳು ಚಾಂದಬಿ. ತಾಟನ್ನು ಪರಾತದಿಂದ ದೂರ ಸರಿಸಿದಳು. "ಅಮ್ಮಾರವು ಎಲ್ಲಾ ಮೂಸಿ ಮೂಸಿ ನೋಡಿದೆ. ಇದು ನಿನ್ನಿ ನಾ ಕಡೀಗೆ ಒಗದ ಅರಿವಿ. ನಂದ ಅಂತ ಹೇಳಿ ಮೂಸಲಿಲ್ಲ. ನನ್ನ ತಪ್ಪರಿ."

ಹಾಜಿರಾಬಿಯ ಎದೆ ತುಂಬಿ ಬಂತು. ತಾನು ಒಳ್ಳೆಯ ಅರಿವೆಯನ್ನು ಕೆಟ್ಟದ್ದು ಅಂದಿದ್ದಳು, ತನ್ನ ಹೆಸರು ಉಳಿಯಲಿ ಎಂದು. ಈ ಹುಡುಗಿ ಪರವೂರಿನ ಪಡಸಾಲೆಯಲ್ಲಿ, ಬೀಗಿತ್ತಿಯ ಎದುರಿಗೆ, ಹೆಸರು ಸಿಕ್ಕ ಗಳಿಗೆಯಲ್ಲೇ, ಯಾರೂ ಹಿಡಿಯದ ತನ್ನ ಹುಳಿಯನ್ನು ತಾನೇ ಹಿಡಿದು ತೋರಿಸಿದ್ದಳು.

"ಏನಂತಿ ಹಾಜಿರಕ್ಕಾ?" ಎಂದು ರಾಚವ್ವ ಕೇಳಿದಳು. "ಒಂದ ಗಂಟ ಚೆಲ್ಲಿದ್ರ ಸಾಲತೈತೇನು?"

"ಆಕಿ ಬ್ಯಾಡ ಅಂದಮ್ಯಾಲ ಬ್ಯಾಡ," ಅಂದಳು ಹಾಜಿರಾಬಿ. "ಸಾಲಲಿಲ್ಲಂದ್ರ ನಾನೂ ಆಕಿನೂ ಉಣ್ಣೂದಿಲ್ಲ, ಅಷ್ಟ ಹೌದಲ್ಲೋ?"

ಹುಲಿಗೆವ್ವ ಕೈಚಾಚಿ ಆ ಕೊನೆಯ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆರಳು ನೆಕ್ಕಿ, ಕಣ್ಣು ಸಣ್ಣದು ಮಾಡಿ, ಬಹಳ ಹೊತ್ತು ಬಾಯಿ ಆಡಿಸಿದಳು. ಆಮೇಲೆ ತಾಟನ್ನು ಗೋಡೆಯ ಬದಿಗೆ ಸರಿಸಿ, ಸೀರೆಯ ನೆರಿಗೆ ಮೇಲೆತ್ತಿ ಕಟ್ಟಿ, ಪರಾತದ ಮುಂದೆ ಚಾಂದಬಿಗೆ ಜಾಗ ಬಿಟ್ಟು ಕೂತಳು.

"ಸಕ್ಕರಿ ತರ್ರಿ," ಅಂದಳು. "ಈ ಹುಡುಗಿ ಹೇಳಿದಷ್ಟ ಹಾಕ್ರಿ."